ಬಲಗಡೆ ಕಾಣದ ಜಂಪಣ್ಣ

ಮೊಳಕಾಲ್ಮೂರಿನವರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಾನೇನೋ ನಡುವೆ ನಿಂತು ನ್ಯಾಯವಾಗಿ ಮಾತಾಡುವ ಮನುಷ್ಯ ಎಂದು ನೀವು ತಿಳಿದುಕೊಂಡೀರಿ. ನಾನು ಚಳ್ಳಕೆರೆಯವನು, ಹೆಸರು ತಿಪ್ಪೇರುದ್ರಪ್ಪ, ತಾಲ್ಲೂಕು ಕಚೇರಿಯ ಗುಮಾಸ್ತ. ಹಗಲು ದಫ್ತರ ಕಾಯುತ್ತೇನೆ, ಸಾಯಂಕಾಲ ಚಳ್ಳಕೆರೆ ಹಾಕಿ ತಂಡದ ಗೋಲು ಕಾಯುತ್ತೇನೆ. ಸೌಮ್ಯ ಸಂವತ್ಸರದ ದಸರೆಯಿಂದ ಸಂಕ್ರಾಂತಿಯವರೆಗೆ ಆ ಊರಿನ ನೇಕಾರರು ನನ್ನ ಕಾಲಸಂದಿಯಿಂದ ಎಷ್ಟು ಸಲ ಚೆಂಡು ದಾಟಿಸಿದರು ಎಂಬುದನ್ನು ನಮ್ಮೂರಿನಲ್ಲಿ ಯಾರೂ ಮರೆತಿಲ್ಲ. ಮರೆಯುವುದಕ್ಕೆ ನನ್ನ ಹೆಂಡತಿ ಬಿಟ್ಟಿಲ್ಲ.

ಈ ಹಾಕಿ ಎಂಬ ಪೀಡೆಯನ್ನು ತಂದವರು ನಮ್ಮ ಅಮಲ್ದಾರರು. ಬೆಂಗಳೂರಿನ ದಂಡಿನಲ್ಲಿ ಗೋರಾ ಸಿಪಾಯಿಗಳು ಆಡುವುದನ್ನು ನೋಡಿ ಬಂದಿದ್ದರು. ಜನ ಸಾಯಂಕಾಲ ಮೈದಾನದಲ್ಲಿ ಬಡಿದಾಡಿಕೊಂಡರೆ ಬೆಳಿಗ್ಗೆ ಕಚೇರಿಗೆ ಬಂದು ಬಡಿದಾಡುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಬಡಗಿಗಳು ಹುಣಸೆ ಕೊಂಬೆ ಬಗ್ಗಿಸಿ ಕೋಲು ಮಾಡಿದರು. ಚಳ್ಳಕೆರೆ, ಮೊಳಕಾಲ್ಮೂರು, ಪರಶುರಾಂಪುರ, ಬಿ.ಜಿ. ಕೆರೆ ಎಂದು ತಂಡಗಳಾದವು. ಎಲ್ಲರೂ ಎಲ್ಲರೊಂದಿಗೂ ಹಲವು ಸಲ ಆಡಬೇಕು. ಹೆಚ್ಚು ಗೆದ್ದ ಎರಡು ತಂಡ ಕೊನೆಗೆ ಚಳ್ಳಕೆರೆ ಮೈದಾನದಲ್ಲಿ ಸೆಣಸಬೇಕು. ಪ್ರತಿ ಪಂದ್ಯದಲ್ಲೂ ಚೆನ್ನಾಗಿ ಗೋಲು ಹೊಡೆದವನಿಗೆ ಹೂವಿನ ಹಾರ. ಕೊನೆಯ ಪಂದ್ಯದವನಿಗೆ ಅಮಲ್ದಾರರ ಕೈಯಿಂದಲೇ ಒಂದು ಜರಿಪೇಟ.

ಮೊಳಕಾಲ್ಮೂರಿನವರು ಸಾಲಾಗಿ ಗೆದ್ದರು. ಅವರ ಗೆಲುವಿಗೆಲ್ಲ ಕಾರಣ ಇಬ್ಬರು, ಜಂಪಣ್ಣ ಮತ್ತು ಸೂರಪ್ಪ. ಕೊಲ್ಲಾಪುರಮ್ಮ ಎಂಬ ಗಟ್ಟಿಗಿತ್ತಿಯ ಪಡಸಾಲೆಯಲ್ಲಿ ಒಂದು ಗುಂಡಿಮಗ್ಗ ಇತ್ತು. ಅಂಚಿಗೊಂದು ಬಣ್ಣ, ಒಡಲಿಗೊಂದು ಬಣ್ಣದ ರೇಷ್ಮೆ ಸೀರೆ ನೇಯುವುದಕ್ಕೆ ಒಬ್ಬ ಸಾಲದು. ಅಕ್ಕಪಕ್ಕ ಇಬ್ಬರು ಕುಳಿತು ಲಾಳಿಯನ್ನು ಎಸೆಯುತ್ತ ಹಿಡಿಯುತ್ತ ಹೋಗಬೇಕು. ಎಡಗಡೆ ಕೂರುವವನು ಅವಳ ಅಳಿಯ ಜಂಪಣ್ಣ, ಬಲಗಡೆ ಅವಳ ಮಗ ಸೂರಪ್ಪ. ಕಣ್ಣು ಎಳೆಯ ಮೇಲೆಯೇ ಇರುತ್ತದೆ. ಎಸೆಯುವವನು "ಹ್ಞೂಂ" ಅನ್ನುತ್ತಾನೆ, ಹಿಡಿಯುವವನ ಕೈ ಅಲ್ಲಿರುತ್ತದೆ. ಮೈದಾನದಲ್ಲೂ ಅದೇ ಇಬ್ಬರು, ಅದೇ ಎಡ, ಅದೇ ಬಲ. ಜಂಪಣ್ಣ ಚೆಂಡು ಕೊಡುತ್ತಿದ್ದ, ಸೂರಪ್ಪ ಗೋಲು ಹೊಡೆಯುತ್ತಿದ್ದ.

ಹಾರ ಮಾತ್ರ ಸೂರಪ್ಪನಿಗೆ ಬೀಳುತ್ತಿತ್ತು.

ಸೂರಪ್ಪ ಆ ಹಾರಗಳನ್ನು ಬಿಸಾಡುತ್ತಿರಲಿಲ್ಲ. ಮಗ್ಗದ ಮೇಲಿನ ತೊಲೆಗೆ ನೇತು ಹಾಕುತ್ತಿದ್ದ. ಅದೂ ತನ್ನ ಕಡೆಗಲ್ಲ, ಬಾವನ ಕಡೆಗೆ. ಒಣಗಿದ ಚೆಂಡುಹೂವಿನ ಎಸಳು ನೇಯುತ್ತ ಕುಳಿತ ಜಂಪಣ್ಣನ ತಲೆಯ ಮೇಲೆ ಉದುರುತ್ತಿತ್ತು. ಇದನ್ನೆಲ್ಲ ನನಗೆ ಹೇಳಿದವಳು ಓಬಕ್ಕ, ನನ್ನ ಹೆಂಡತಿಯ ಚಿಕ್ಕಮ್ಮ. ಅವಳ ಮನೆ ಅದೇ ಬೀದಿಯಲ್ಲಿದೆ. ಓಬಕ್ಕನ ಕಿವಿಗೆ ಬೀಳದೆ ಆ ಬೀದಿಯಲ್ಲಿ ಹಾಲು ಉಕ್ಕುವುದಿಲ್ಲ.

ಒಂದು ದಿನ ಪಂದ್ಯ ಮುಗಿಸಿ ಬಂದ ಜಂಪಣ್ಣನಿಗೆ ಅವನ ಹೆಂಡತಿ ಚಿನ್ನಕ್ಕ ಮುದ್ದೆ ಬಡಿಸುತ್ತ, "ನಮ್ಮ ತಮ್ಮ ಇವತ್ತು ಏನ್ ಗೋಲು ಹೊಡೆದ! ನೋಡಿದ್ಯಾ?" ಅಂದಳಂತೆ.

"ಚೆಂಡು ಕೊಟ್ಟೋನು ಯಾರು?"

"ಯಾರು?"

"ನಾನು ಕಣೇ!"

"ಅಯ್ಯೋ ಶಿವನೇ, ನೀನೂ ಆಡ್ತಿದ್ಯಾ? ನಾನು ನೋಡ್ಲೇ ಇಲ್ಲ."

ಆ ಮುದ್ದೆ ಜಂಪಣ್ಣನ ಗಂಟಲಿಗೆ ಇಳಿಯಲಿಲ್ಲ. ಹೊಟ್ಟೆ ಆಗಲೇ ಕಿಚ್ಚಿನಿಂದ ತುಂಬಿಹೋಗಿತ್ತು.

ಮುಂದಿನ ಪಂದ್ಯ ಬಿ.ಜಿ. ಕೆರೆಯೊಂದಿಗೆ. ಜಂಪಣ್ಣನ ಕೋಲಿಗೆ ಚೆಂಡು ಸಿಕ್ಕಿತು. ಬಲಗಡೆ ಸೂರಪ್ಪ ಒಬ್ಬನೇ, ಸುತ್ತ ಯಾರೂ ಇಲ್ಲ, ಕೈ ಬೀಸಿ ಕರೆಯುತ್ತಿದ್ದಾನೆ. ಜಂಪಣ್ಣ ಕೊಡಲಿಲ್ಲ. ತಾನೇ ನುಗ್ಗಿದ, ಮುಗ್ಗರಿಸಿದ, ಚೆಂಡು ಕಳೆದ. ಮತ್ತೆ ಸಿಕ್ಕಿತು, ಮತ್ತೆ ಕಳೆದ. ಯಾರ ಮೇಲೂ ಗೆಲ್ಲದ ಬಿ.ಜಿ. ಕೆರೆಯವರು ಗೆದ್ದು, ಅದು ನಿಜವೋ ಅಲ್ಲವೋ ಎಂದು ತಮ್ಮ ತಮ್ಮಲ್ಲೇ ಕೇಳಿಕೊಳ್ಳುತ್ತಿದ್ದರು.

ಮೊಳಕಾಲ್ಮೂರಿನ ಕ್ಯಾಪ್ಟನ್ ಬೊಮ್ಮಲಿಂಗಪ್ಪ ರೇಷ್ಮೆ ದಾರದ ವ್ಯಾಪಾರಿ. ಅವನು ಗುಟ್ಟು ಹೇಳಿದರೂ ಮೂರು ಬೀದಿಗೆ ಕೇಳುತ್ತದೆ. "ಲೇ ಜಂಪಣ್ಣಾ! ಸೂರಪ್ಪ ಬಲಗಡೆ ಕಂಬ ನಿಂತಂಗೆ ನಿಂತಿದ್ನಲ್ಲೋ! ಕಾಣಲಿಲ್ವೇನೋ?"

ಇಡೀ ಊರು ನೋಡುತ್ತಿದೆ. ಬಾಮೈದನ ಮೇಲೆ ಹೊಟ್ಟೆಕಿಚ್ಚು ಎಂದು ಯಾವ ಬಾಯಿಂದ ಹೇಳುವುದು? ಜಂಪಣ್ಣ ಬೆವರು ಒರೆಸಿಕೊಂಡ.

"ಕಾಣಲಿಲ್ಲ" ಅಂದ.

"ಕಾಣಲಿಲ್ಲ ಅಂದ್ರೆ?"

"ಬಲಗಡೆದು ಕಾಣ್ತಿಲ್ಲ ಕಣ್ರಿ. ಮಂಜು ಕವಿದಂಗೆ ಆಗೈತೆ."

ಸುಳ್ಳು ಚಿಕ್ಕದೇ. ಆದರೆ ಹೇಳಿದ್ದು ಬೊಮ್ಮಲಿಂಗಪ್ಪನಿಗೆ. ಜಂಪಣ್ಣ ಮನೆ ಮುಟ್ಟುವ ಹೊತ್ತಿಗೆ ಬಾಗಿಲಲ್ಲಿ ಹೆಂಗಸರ ಗುಂಪು ಸೇರಿತ್ತು. ಚಿನ್ನಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ನೇಕಾರನಿಗೆ ಕಣ್ಣು ಹೋದರೆ ಇನ್ನೇನು ಉಳಿಯಿತು? ಕೊಲ್ಲಾಪುರಮ್ಮ ಅಳಿಯನ ಕೈ ಹಿಡಿದು, "ರಾವಯ್ಯಾ ಅಲ್ಲುಡೂ, ಬಾರಪ್ಪ ಅಳಿಯ, ಹೆದರಬ್ಯಾಡ. ನಾನಿದ್ದೀನಿ" ಎಂದು ತನ್ನ ಮನೆಗೇ ಕರೆದುಕೊಂಡು ಹೋದಳು.

ಅಲ್ಲಿಂದ ಜಂಪಣ್ಣನ ದೆಸೆ ತಿರುಗಿತು. ಬೆಳಿಗ್ಗೆ ಎದ್ದರೆ ನೆತ್ತಿಗೆ ಹರಳೆಣ್ಣೆ. ಊಟಕ್ಕೆ ಕಣ್ಣಿಗೆ ಒಳ್ಳೆಯದೆಂದು ಹೊನಗೊನೆ ಸೊಪ್ಪಿನ ಪಲ್ಯ, ಅನ್ನದ ಮೇಲೆ ಗುಂಡಿ ತೋಡಿ ತುಪ್ಪ. ರಾತ್ರಿ ಮಲಗುವಾಗ ಬಾದಾಮಿ ಅರೆದು ಹಾಕಿದ ಹಾಲು. ಕೊಲ್ಲಾಪುರಮ್ಮ ಆ ತುಪ್ಪದ ಗಡಿಗೆಯನ್ನು ಮಗ್ಗದ ಮೇಲಿನ ನೆಲುವಿನಲ್ಲಿ ಇಟ್ಟುಕೊಂಡು, ಅಳಿಯನಿಗೆ ತಾನೇ ಬಡಿಸುತ್ತಿದ್ದಳು. ಹೆಂಡತಿಯಂತೂ ಗಂಡ ಆಡುತ್ತಾನೆಂಬುದನ್ನು ಈಗ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಕಷ್ಟ ಎಂದರೆ ಒಂದೇ. ನೆಂಟರಿಷ್ಟರು ಪರೀಕ್ಷೆ ಮಾಡುವುದಕ್ಕೆ ಬರುತ್ತಿದ್ದರು. ಓಬಕ್ಕ ಸ್ವತಃ ಒಂದು ಹೋಳಿಗೆ ತೆಗೆದುಕೊಂಡು ಹೋಗಿ ಅವನ ಬಲಗೆನ್ನೆಯ ಹತ್ತಿರ ಹಿಡಿದು, "ಜಂಪಣ್ಣ, ಏನಾರ ಕಾಣ್ತೈತಾ?" ಅಂದಳಂತೆ. ತುಪ್ಪ ಸವರಿದ ಬಿಸಿ ಹೋಳಿಗೆ, ಮೂಗಿಗೆ ಘಂ ಎನ್ನುತ್ತಿದೆ. ಜಂಪಣ್ಣ ಎದುರಿನ ಗೋಡೆಯನ್ನೇ ನೋಡುತ್ತ, "ಎಲ್ಲಿ? ಏನು?" ಅಂದ. ಗಂಟಲು ಮಾತ್ರ ಗುಳುಕ್ ಎಂದಿತು. ಓಬಕ್ಕ ಕಣ್ಣೀರು ಹಾಕುತ್ತ ಹೋಳಿಗೆಯನ್ನು ತಾನೇ ತಿಂದು ಬಂದಳು.

ಇತ್ತ ಸೂರಪ್ಪ ಇದನ್ನೆಲ್ಲ ನೋಡುತ್ತಿದ್ದ. ಹೆತ್ತ ಅವ್ವ, ತನ್ನ ಸ್ವಂತ ಅವ್ವ! ಹಾರದ ಮೇಲೆ ಹಾರ ತಂದು ಹಾಕಿದರೂ ಅವಳು ಒಂದು ಚಮಚ ತುಪ್ಪ ಹೆಚ್ಚಿಗೆ ಬಡಿಸಿರಲಿಲ್ಲ. ಈಗ ಒಂದು ಗೋಲೂ ಹೊಡೆಯದ ಅಳಿಯನಿಗೆ ಗಡಿಗೆ ಬಗ್ಗಿಸುತ್ತಿದ್ದಾಳೆ.

"ಅವ್ವಾ, ನನಗೂ ಸ್ವಲ್ಪ ತುಪ್ಪ ಹಾಕವ್ವ."

"ನಿನಗೇನಾಗೈತೆ ಬ್ಯಾನಿ? ಗುಂಡುಕಲ್ಲಿನಂಗಿದ್ದೀಯ. ಸಾರು ಕಲಸ್ಕೊಂಡು ತಿನ್ನು."

ಮುಂದಿನ ವಾರ ಪರಶುರಾಂಪುರದ ಪಂದ್ಯ. ಸೂರಪ್ಪನ ಕೋಲಿಗೆ ಚೆಂಡು ಸಿಕ್ಕಿತು. ಎಡಗಡೆ ಅವನ ತಂಡದವರೇ ಚೆಂಡಿಗೆ ಕಾಯುತ್ತಿದ್ದರು. ಸೂರಪ್ಪ ಚೆಂಡನ್ನು ಸೀದಾ ಮೈದಾನದಾಚೆ ಮೇಯುತ್ತಿದ್ದ ಕುರಿಮಂದೆಯೊಳಕ್ಕೆ ಹೊಡೆದು, ಎರಡೂ ಕೈ ಮುಖಕ್ಕೆ ಹಿಡಿದುಕೊಂಡು ಕುಳಿತ.

"ಎಡಗಡೆದು ಕಾಣ್ತಿಲ್ಲ!" ಎಂದು ಕೂಗಿದ. "ಅವ್ವಾ, ನನಗೂ ಮಂಜು!"

ಅಂದಿನಿಂದ ತುಪ್ಪ ಎರಡು ಎಲೆಗೆ ಬೀಳತೊಡಗಿತು. ಇಬ್ಬರೂ ಓರೆಗಣ್ಣಿನಿಂದ ಒಬ್ಬರ ಎಲೆಯ ತುಪ್ಪವನ್ನು ಒಬ್ಬರು ಅಳೆಯುತ್ತಿದ್ದರು. ಕಾಣದ ಕಣ್ಣಿನಿಂದಲೇ ಅಳೆಯಬೇಕಾಗಿತ್ತು, ಊಟಕ್ಕೂ ಕುಳಿತದ್ದು ಜಂಪಣ್ಣ ಎಡಕ್ಕೆ, ಸೂರಪ್ಪ ಬಲಕ್ಕೆ. ಮಗ್ಗ ನಿಂತಿತು. ಮದುವೆ ಸೀರೆಯೊಂದು ಅರ್ಧಕ್ಕೆ ನೇತಾಡಿತು.

ಹೊಟ್ಟೆಕಿಚ್ಚು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ತಂಡದಲ್ಲಿ ಉಳಿದವರಿಗೇನು ಹೊಟ್ಟೆ ಇಲ್ಲವೇ? ಗೋಲು ಕಾಯುವ ದೊಡ್ಡಪಾಲಯ್ಯ ಮರುದಿನವೇ, "ನನಗೆ ಎದುರಿಗೆ ಇರೋದು ಕಾಣ್ತಿಲ್ಲ" ಅಂದ. ಅವನ ಹಿಂದೆಯೇ ಹುಲಿಯಪ್ಪ ಬಂದ. ರಾಯದುರ್ಗದಿಂದ ಕರೆಸಿದ್ದ ಪಂಡಿತರು ಅವನ ರೆಪ್ಪೆ ಎತ್ತಿ ನೋಡಿ, "ನಿನಗೆ ಯಾವ ಕಡೆ ಕಾಣುವುದಿಲ್ಲಪ್ಪ?" ಎಂದು ಕೇಳಿದರು.

ಎಡ, ಬಲ, ಎದುರು ಮೂರೂ ಆಗಲೇ ಹೋಗಿದ್ದವು. ಹುಲಿಯಪ್ಪ ಯೋಚನೆ ಮಾಡಿ, "ಹಿಂದ್ಗಡೆ" ಅಂದ.

"ಹಿಂದುಗಡೆ ಯಾರಿಗಪ್ಪ ಕಾಣುತ್ತೆ?"

"ನನಗೆ ಮೊದಲು ಕಾಣ್ತಿತ್ತು ಸ್ವಾಮಿ."

ಪಂಡಿತರು ಅವನಿಗೂ ತುಪ್ಪ ಬರೆದರು.

ಹೀಗೆ ಸುತ್ತಮುತ್ತಲಿನ ಹೋಬಳಿಗಳನ್ನು ನಡುಗಿಸಿದ್ದ ತಂಡ ಕೊನೆಕೊನೆಗೆ ಎಲ್ಲರ ಕೈಯಲ್ಲೂ ಸೋಲತೊಡಗಿತು. ನಮ್ಮ ಮೇಲೂ ಒಂದು ಪಂದ್ಯ ಸೋತರು. ದೊಡ್ಡಪಾಲಯ್ಯ ಎದುರಿಗೆ ಬಂದ ಚೆಂಡಿಗೆ ನಮಸ್ಕಾರ ಮಾಡಿ ದಾರಿ ಬಿಟ್ಟ. ನನಗೆ ಆ ದಿನ ಆದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಆದರೂ ಮೊದಲಿನ ಗೆಲುವುಗಳು ಎಷ್ಟಿದ್ದವೆಂದರೆ, ಇಷ್ಟು ಸೋತರೂ ಕೊನೆಯ ಪಂದ್ಯಕ್ಕೆ ನಮ್ಮೊಂದಿಗೆ ಅವರೇ ಉಳಿದರು. ಇದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಅಷ್ಟರಲ್ಲಿ ಸುದ್ದಿ ಅಮಲ್ದಾರರಿಗೆ ಮುಟ್ಟಿತು. ಅದು ಪ್ಲೇಗಿನ ಕಾಲ. ಒಂದು ಇಲಿ ಸತ್ತರೂ ಊರ ಹೊರಗೆ ಜೋಪಡಿ ಏಳುತ್ತಿತ್ತು. ಅವರು ಕುದುರೆ ಏರಿ ಮೊಳಕಾಲ್ಮೂರಿಗೆ ಹೊರಟರು. ಗುಮಾಸ್ತನಾದ ನಾನು ಹಿಂದೆ ಗಾಡಿಯಲ್ಲಿ ಹೋದೆ. ಶತ್ರುವಿನ ಮನೆಗೆ ಸರ್ಕಾರದ ಖರ್ಚಿನಲ್ಲಿ ಹೋಗುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ.

ಚಾವಡಿಯ ಮುಂದೆ ರೋಗಿಗಳು ಸಾಲಾಗಿ ನಿಂತರು. ಇಷ್ಟು ಕೆಂಪಗೆ, ಇಷ್ಟು ದುಂಡಗೆ ಇದ್ದ ರೋಗಿಗಳನ್ನು ನಾನು ಹಿಂದೆ ನೋಡಿರಲಿಲ್ಲ. ಅಮಲ್ದಾರರು ಮೂಗಿಗೆ ಕರವಸ್ತ್ರ ಹಿಡಿದು ಹುಕುಂ ಹೊರಡಿಸಿದರು. "ಇದು ಅಂಟುರೋಗ. ಎಲ್ಲರೂ ಇವತ್ತೇ ಊರ ಹೊರಗಿನ ಜೋಪಡಿಗೆ ಹೋಗಬೇಕು. ತುಪ್ಪ, ಹಾಲು ಬಂದ್. ಗುಣವಾಗುವ ತನಕ ರಾಗಿ ಗಂಜಿ. ಅದೂ ಉಪ್ಪಿಲ್ಲದೆ."

ದೊಡ್ಡಪಾಲಯ್ಯ ಕಣ್ಣು ಉಜ್ಜಿಕೊಂಡ.

"ಬುದ್ಧೀ! ಕಾಣ್ತೈತೆ! ತಮ್ಮ ಮೀಸೆ ಕಾಣ್ತೈತೆ!"

ಹುಲಿಯಪ್ಪ ಗಿರಕಿ ಹೊಡೆದು ಹಿಂದಕ್ಕೆ ತಿರುಗಿ, "ನನಗೂ ಹಿಂದ್ಗಡೆದು ಕಾಣ್ತೈತೆ ಬುದ್ಧೀ!" ಅಂದ.

ಅಮಲ್ದಾರರು ಜಂಪಣ್ಣ, ಸೂರಪ್ಪರ ಕಡೆ ನೋಡಿದರು. ಇಬ್ಬರೂ ಬಾಯಿ ತೆರೆಯುವಂತಿದ್ದರು. ಅಷ್ಟರಲ್ಲಿ ಗುಂಪಿನಿಂದ ಕೊಲ್ಲಾಪುರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಅವರ ಮನೆ ತುಪ್ಪದ ಸುದ್ದಿ ನನಗೆ ಬ್ಯಾಡ. ಅಳಿಯ ಆಗ್ಲಿ ಮಗ ಆಗ್ಲಿ, ನನ್ನ ಕೈ ತುಪ್ಪ ತಿಂದು ಸುಳ್ಳು ಹೇಳಿದೋನು ಇನ್ಮೇಲೆ ನನ್ನ ಮಗ್ಗದಾಗೆ ಕೂರಂಗಿಲ್ಲ. ಹೇಳ್ರಪ್ಪ, ಕಾಣ್ತೈತಾ?"

ಇಬ್ಬರ ಬಾಯಿಯೂ ಮುಚ್ಚಿತು. ಆ ಮನೆಗೆ ಇದ್ದದ್ದು ಅದೊಂದೇ ಮಗ್ಗ. ಅದರಿಂದ ಎಬ್ಬಿಸಿದರೆ ಜಂಪಣ್ಣ ಬೇರೆಯವರ ಪಡಸಾಲೆಯಲ್ಲಿ ಕೂಲಿಗೆ ಕೂರಬೇಕು, ಸೂರಪ್ಪ ಹೆತ್ತವ್ವನ ಮನೆಯಲ್ಲೇ ಪರದೇಶಿಯಾಗಬೇಕು.

"ಕಾಣ್ತಿಲ್ಲತ್ತೇ" ಅಂದ ಜಂಪಣ್ಣ.

"ಕಾಣ್ತಿಲ್ಲವ್ವ" ಅಂದ ಸೂರಪ್ಪ.

ಇಬ್ಬರೂ ಜೋಪಡಿ ಸೇರಿದರು. ಉಪ್ಪಿಲ್ಲದ ಗಂಜಿ ಕುಡಿಯುತ್ತ ಸೂರಪ್ಪ ಮೆಲ್ಲಗೆ, "ಬಾವ, ನಿಜವಾಗ್ಲೂ ಕಾಣ್ತಿಲ್ವಾ?" ಎಂದು ಕೇಳಿದ.

"ನಿನಗೆ?"

"ಮೊದಲು ನೀನು ಹೇಳು."

"ನೀನು ಗುಣ ಆಗು. ಆಮ್ಯಾಲೆ ನಾನು ನೋಡ್ತೀನಿ."

"ನಾನ್ಯಾಕೆ ಮೊದಲು ಆಗ್ಲಿ? ನೀನು ತುಪ್ಪ ಜಾಸ್ತಿ ತಿಂದೋನು!"

ಕಾವಲಿಗಿದ್ದ ತಳವಾರ ಇದನ್ನು ನನಗೆ ಹೇಳಿ ಬಿದ್ದು ಬಿದ್ದು ನಕ್ಕ. ನನಗೂ ನಗು ಬಂತು. ಕೊನೆಯ ಪಂದ್ಯ ನಮ್ಮದೇ ಎಂದು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆ ತಪ್ಪು ಮಾಡಬಾರದಿತ್ತು.

ಪಂದ್ಯದ ದಿನ ಬಂತು. ಅವರಿಬ್ಬರೂ ಬಾರದಿದ್ದರೆ ಆಟಕ್ಕೆ ಕಳೆಯಿಲ್ಲ, ಜರಿಪೇಟ ತರಿಸಿಯೂ ಆಗಿದೆ ಎಂದು ಅಮಲ್ದಾರರು, "ರೋಗ ಬೇರೆಯವರಿಗೆ ಹತ್ತಿಲ್ಲವಲ್ಲ, ಬಿಟ್ಟುಬಿಡಿ, ಆಡಲಿ" ಎಂದು ಅಪ್ಪಣೆ ಕೊಟ್ಟರು. ಮೊಳಕಾಲ್ಮೂರಿನಿಂದ ಗಾಡಿಗಳ ಸಾಲು ಬಂತು. ಮುಂದಿನ ಗಾಡಿಯಲ್ಲೇ ಕೊಲ್ಲಾಪುರಮ್ಮ. ಅವಳು ಗಾಡಿಯನ್ನು ನನ್ನ ಗೋಲಿನ ಪಕ್ಕಕ್ಕೇ ನಿಲ್ಲಿಸಿ, ಮೇಲೆ ಕುಳಿತು, ಅಳಿಯನ ಕಣ್ಣು ಮತ್ತು ಮಗನ ಕಣ್ಣು ಎತ್ತ ತಿರುಗುತ್ತವೆ ಎಂದು ನೋಡತೊಡಗಿದಳು. ಆಟ ಅವಳಿಗೆ ಬೇಕಾಗಿರಲಿಲ್ಲ.

ನಮ್ಮವರ ಉಪಾಯ ಸುಲಭದ್ದಾಗಿತ್ತು. ಜಂಪಣ್ಣನಿಗೆ ಬಲಗಡೆ ಕಾಣುವುದಿಲ್ಲ, ಸೂರಪ್ಪನಿಗೆ ಎಡಗಡೆ ಕಾಣುವುದಿಲ್ಲ, ಅಂದರೆ ಇಬ್ಬರ ನಡುವೆ ಇರುವುದು ಇಬ್ಬರಿಗೂ ಕಾಣುವುದಿಲ್ಲ. ಎಲ್ಲರೂ ನಡುವೆ ನಿಲ್ಲಿ! ನಿಂತೆವು. ಮೊದಲ ಅರ್ಧದಲ್ಲಿ ಅವರಿಬ್ಬರೂ ಎತ್ತಿನಂತೆ ನೇರ ನೋಡಿಕೊಂಡು ಓಡಿ, ನಮ್ಮವರಿಗೆ ಡಿಕ್ಕಿ ಹೊಡೆದು, ಚೆಂಡು ಕಳೆದರು. ನಾವು ಒಂದು ಗೋಲು ಹೊಡೆದೆವು. ನಾನು ಗೋಲಿನಲ್ಲಿ ನಿಂತು ಎಲೆಯಡಿಕೆ ಹಾಕಿಕೊಂಡೆ.

ಎರಡನೆಯ ಅರ್ಧ. ನಮ್ಮ ಮೂವರು ಜಂಪಣ್ಣನನ್ನು ಮುತ್ತಿಕೊಂಡರು. ಎಲ್ಲರ ಕಣ್ಣೂ ಅವನ ಕಣ್ಣಿನ ಮೇಲೆ. ಯಾವ ಕಡೆಗೆ ಹೊಡೆಯುತ್ತಾನೆ ಎಂಬುದು ನಮಗೆಲ್ಲ ತಿಳಿಯುವುದು ಹಾಗೆ. ಜಂಪಣ್ಣನ ಕಣ್ಣು ಮಾತ್ರ ಅತ್ತೆಯ ಗಾಡಿಯ ಕಡೆಗೆ ನೆಟ್ಟು ನಿಂತಿತ್ತು. ಚೆಂಡು ಕೈತಪ್ಪುವ ಹಾಗಾಯಿತು. ಅವನ ಬಾಯಿಂದ ಅವನಿಗೇ ಗೊತ್ತಿಲ್ಲದೆ ಒಂದು ಮಾತು ಬಂತು.

"ಹ್ಞೂಂ!"

ಕೋಲು ಬಲಕ್ಕೆ ಬೀಸಿತು. ಅಲ್ಲಿ, ತಿರುಗಿಯೂ ನೋಡದ ಸೂರಪ್ಪನ ಕೋಲು ಇತ್ತು. ಚೆಂಡು ಗೋಲಿನೊಳಗೆ ಹೋದಾಗ ನಾನಿನ್ನೂ ಜಂಪಣ್ಣನ ಕಣ್ಣನ್ನೇ ನೋಡುತ್ತಿದ್ದೆ.

ಗೋಲು ಹೊಡೆದವನು ಸೂರಪ್ಪ! ಜಂಪಣ್ಣನ ಮುಖ ನೋಡಬೇಕಿತ್ತು. ಇಷ್ಟು ದಿನ ಕುರುಡನಾಗಿ, ಗಂಜಿ ಕುಡಿದು, ಕೊನೆಗೆ ಮತ್ತೆ ಅವನಿಗೇ ಚೆಂಡು ಕೊಟ್ಟೆನಲ್ಲಾ ಎಂದು ಕೋಲಿನಿಂದ ತನ್ನ ಕಾಲಿಗೇ ಬಡಿದುಕೊಂಡ.

ಆಟ ಮುಗಿಯುತ್ತ ಬಂದಿತ್ತು. ಈ ಸಲ ಮುತ್ತಿಗೆ ಬಿದ್ದವನು ಸೂರಪ್ಪ. ಅವನೂ ಕೊಡಬಾರದೆಂದೇ ಇದ್ದ, ಹಲ್ಲು ಕಚ್ಚಿಕೊಂಡಿದ್ದ. ಆದರೆ ಒಮ್ಮೆ ಆ ಕಡೆಯಿಂದ ಬಂದ ಲಾಳಿ ಈ ಕಡೆಯಿಂದ ಹೋಗಲೇಬೇಕು. ಹೋಗದಿದ್ದರೆ ನೇಕಾರನ ಕೈ ಕೇಳುವುದಿಲ್ಲ. "ಹ್ಞೂಂ!" ಅಂದ. ಎಡಗಡೆ ಜಂಪಣ್ಣನ ಕೋಲು ಇತ್ತು. ನಾನು ಸೂರಪ್ಪನ ಕಣ್ಣು ನೋಡಿ ಅವನ ಬಲಗಡೆಗೆ ಹಾರಿದ್ದೆ. ಚೆಂಡು ನನ್ನ ಹಿಂದಿನಿಂದ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಒಳಗೆ ಹೋಯಿತು.

ಮೊಳಕಾಲ್ಮೂರು ಗೆದ್ದಿತು. ಹೇಳುವುದಕ್ಕೆ ಹೊಟ್ಟೆ ಉರಿಯುತ್ತದೆ, ಆದರೂ ಗೆದ್ದಿತು.

ಇಬ್ಬರಿಗೂ ಒಂದೊಂದು ಗೋಲು, ಇದ್ದದ್ದು ಒಂದೇ ಪೇಟ. ಅಮಲ್ದಾರರು ಇಬ್ಬರನ್ನೂ ಜನರ ಎದುರಿಗೆ ನಿಲ್ಲಿಸಿದರು. ಅಭ್ಯಾಸಬಲದಿಂದ ಜಂಪಣ್ಣ ಎಡಕ್ಕೆ ನಿಂತ, ಸೂರಪ್ಪ ಬಲಕ್ಕೆ. ಅಮಲ್ದಾರರು ಅವರಿಬ್ಬರ ನಡುವೆ ಬಂದು, ಬೆಳ್ಳಿ ತಟ್ಟೆಯಲ್ಲಿದ್ದ ಜರಿಪೇಟವನ್ನು ಚಾಚಿ ಹೇಳಿದರು, "ನೀವು ನೀವೇ ತೀರ್ಮಾನ ಮಾಡಿ, ಒಬ್ಬರು ತೆಗೆದುಕೊಳ್ಳಿ."

ಪೇಟ ಬಿಸಿಲಿಗೆ ಝಗಝಗ ಹೊಳೆಯಿತು. ಅದು ಇದ್ದದ್ದು ಜಂಪಣ್ಣನ ಬಲಕ್ಕೆ, ಸೂರಪ್ಪನ ಎಡಕ್ಕೆ.

ಇಬ್ಬರೂ ಅಲುಗಲಿಲ್ಲ. ಎದುರಿಗೆ ಗಾಡಿಯ ಮೇಲೆ ಕೊಲ್ಲಾಪುರಮ್ಮ ಕಣ್ಣು ಮಿಟುಕಿಸದೆ ಕುಳಿತಿದ್ದಾಳೆ. ನಾನು ಹಿಂದೆ ನಿಂತಿದ್ದೆ, ಎರಡೂ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ಜಂಪಣ್ಣನ ಗಂಟಲು ಗುಳುಕ್ ಎಂದಿತು. ಸೂರಪ್ಪನ ಎಡಗೈ ಬೆರಳುಗಳು ತಾವಾಗಿಯೇ ಮಿಸುಕಿದವು, ಅವನು ಅವನ್ನು ಪಂಚೆಯೊಳಗೆ ಅಡಗಿಸಿದ.

"ಏನ್ರಯ್ಯಾ? ತೆಗೆದುಕೊಳ್ಳಿ!"

"ಏನು ಬುದ್ಧಿ?" ಅಂದ ಜಂಪಣ್ಣ, ಆಕಾಶ ನೋಡುತ್ತ. ಅವನ ಕಣ್ಣಿನಲ್ಲಿ ನೀರು ಇತ್ತು.

"ಪೇಟ ಕಣಯ್ಯಾ!"

"ಎಲ್ಲೈತೆ ಬುದ್ಧಿ?" ಅಂದ ಸೂರಪ್ಪ. ಅವನಿಗೂ ಅಳು ಬಂದಿತ್ತು.

ಕೊಲ್ಲಾಪುರಮ್ಮ ಗಾಡಿಯಿಂದ ಇಳಿದಳು. ನಿಧಾನವಾಗಿ ನಡೆದು ಬಂದು ಅಮಲ್ದಾರರಿಗೆ ಕೈಮುಗಿದಳು.

"ಇಬ್ರಿಗೂ ಕಾಣಲ್ಲ ಬುದ್ಧಿ, ಪಾಪ. ನನಗೆ ಚೆನ್ನಾಗಿ ಕಾಣ್ತೈತೆ. ಕೊಡ್ರಿ ಇತ್ಲಾಗೆ."

ಪೇಟ ತೆಗೆದುಕೊಂಡು, ಕಂಕುಳಲ್ಲಿ ಸಿಕ್ಕಿಸಿಕೊಂಡು, ಗಾಡಿ ಹತ್ತಿ ಹೊರಟೇ ಹೋದಳು.

ಮರುವರ್ಷ ನನ್ನ ಮಗಳ ಮದುವೆಗೆ ಸೀರೆ ಬೇಕಾಯಿತು. ಎಷ್ಟು ಹೊಟ್ಟೆ ಉರಿದರೂ ಸೀರೆಗೆ ಮೊಳಕಾಲ್ಮೂರಿಗೇ ಹೋಗಬೇಕು, ಅದೂ ಕೊಲ್ಲಾಪುರಮ್ಮನ ಮನೆಗೇ. ಎಡಗಡೆ ಜಂಪಣ್ಣ, ಬಲಗಡೆ ಸೂರಪ್ಪ, "ಹ್ಞೂಂ", "ಹ್ಞೂಂ" ಎಂದು ಮಗ್ಗ ನಡೆಯುತ್ತಿತ್ತು. ಹಾರಗಳು ಇರಲಿಲ್ಲ. ಇಬ್ಬರ ತಲೆಗಳ ನಡುವೆ, ಅದೇ ನೆಲುವಿನಲ್ಲಿ, ಖಾಲಿ ತುಪ್ಪದ ಗಡಿಗೆ ತೂಗುತ್ತಿತ್ತು. ಅದರ ಬಾಯಿಗೆ ಜರಿಪೇಟ ಸುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಏನ್ರಪ್ಪಾ, ಅಷ್ಟು ಒಳ್ಳೇ ಪೇಟಾನ ಗಡಿಗೆಗೆ ಸುತ್ತಿದ್ದೀರಲ್ಲ?" ಅಂದೆ.

ಒಳಗೆ ಅಡಿಗೆಮನೆಯಲ್ಲಿ ಕೊಲ್ಲಾಪುರಮ್ಮನ ಪಾತ್ರೆಯ ಸದ್ದು ನಿಂತಿತು. ಇಬ್ಬರೂ ಕಣ್ಣು ಎಳೆಯ ಮೇಲಿಂದ ಎತ್ತದೆ, ಒಂದೇ ದನಿಯಲ್ಲಿ ಕೇಳಿದರು:

"ಯಾವ ಪೇಟ?"